ಕಡಲು ದಾಟದ ಮೆಡಿಕೇರ್

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊ ನಗರದ ದಕ್ಷಿಣದ ಅಂಚಿನಲ್ಲಿ ಎತ್ತರದ ಬೇಲಿಯೊಂದಿದೆ. ಅದರಾಚೆ ಮೆಕ್ಸಿಕೊದ ಟಿಹುವಾನಾ. ಅಗ್ಗದ ಹಲ್ಲಿನ ಚಿಕಿತ್ಸೆಗೆಂದು, ಔಷಧಿಗೆಂದು ಅಮೆರಿಕದ ಹಿರಿಯರು ಈ ಗಡಿಯನ್ನು ನಡೆದೇ ದಾಟುವುದುಂಟು. ಬೇಲಿಯ ಈಚೆ ಎಪ್ಪತ್ತೆರಡರ ಅಜ್ಜನಿಗೆ ಎದೆನೋವು ಬಂದರೆ ಆಸ್ಪತ್ರೆ ಬಿಲ್ಲಿನ ಬಹುಪಾಲನ್ನು ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಕಟ್ಟುತ್ತದೆ. ಅದೇ ನೋವು ಟಿಹುವಾನಾದ ಅಂಗಡಿಯೊಂದರಲ್ಲಿ ಬಂದರೆ ಮೆಡಿಕೇರ್ ಕೈ ಚೆಲ್ಲುತ್ತದೆ. ಇತ್ತ ಪೆಸಿಫಿಕ್ ಸಾಗರದಲ್ಲಿ, ಕ್ಯಾಲಿಫೋರ್ನಿಯಾದಿಂದ ಒಂಬತ್ತು ಸಾವಿರ ಕಿಲೋಮೀಟರಿಗೂ ದೂರ, ಗುವಾಮ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಮೆಡಿಕೇರ್ ಸಲೀಸಾಗಿ ನಡೆಯುತ್ತದೆ. ಅದು ಅಮೆರಿಕದ ನೆಲ.

ಇದರ ಹಿಂದಿರುವುದು ಕಾನೂನು ಮಾತ್ರವಲ್ಲ, ವಯಸ್ಸು ಮತ್ತು ಅಪಾಯದ ಗಣಿತ ಕೂಡ. ಅಲ್ಲಿಂದಲೇ ಹೊರಡೋಣ.

1825ರಲ್ಲಿ ಲಂಡನ್ನಿನ ಬೆಂಜಮಿನ್ ಗೊಂಪರ್ಟ್ಸ್ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಯಹೂದಿಯಾಗಿದ್ದ ಕಾರಣಕ್ಕೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ತಾನಾಗಿಯೇ ಗಣಿತ ಕಲಿತು, ಜೀವವಿಮಾ ಕಂಪನಿಯಲ್ಲಿ ಲೆಕ್ಕ ಹಾಕುವ ಕೆಲಸಕ್ಕೆ ಸೇರಿದವನು. ಪ್ರಾಯಕ್ಕೆ ಬಂದ ಮೇಲೆ ಸಾವಿನ ಸಂಭವ ವರ್ಷವರ್ಷಕ್ಕೆ ಇಷ್ಟಿಷ್ಟೇ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ ಎಂದು ಅವನು ತೋರಿಸಿದ. ಇಂದಿನ ಅಂಕಿಗಳಲ್ಲಿ ಹೇಳುವುದಾದರೆ, ಸರಿಸುಮಾರು ಎಂಟು ವರ್ಷಕ್ಕೊಮ್ಮೆ ಅದು ಇಮ್ಮಡಿಯಾಗುತ್ತದೆ. ನಲವತ್ತರವರಿಗೆ ಹೋಲಿಸಿದರೆ ಎಪ್ಪತ್ತೆರಡರವರ ಅಪಾಯ ನಾಲ್ಕು ಬಾರಿ ಇಮ್ಮಡಿಸಿ ಹದಿನಾರು ಪಟ್ಟಾಗಿರುತ್ತದೆ. ವಿಮಾ ಕಂಪನಿಯ ಕಂತಿನ ಪಟ್ಟಿಯಲ್ಲಿ ಅರವತ್ತೈದರ ನಂತರ ಬೆಲೆ ಯಾಕೆ ಹಾಗೆ ಜಿಗಿಯುತ್ತದೆ ಎಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲಿದೆ.

ಉಳಿದರ್ಧ ಬಂದದ್ದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರಿಂದ, 1970ರಲ್ಲಿ. ಹಳೇ ಕಾರುಗಳ ಮಾರುಕಟ್ಟೆ ಕುರಿತ ಅವರ ಪ್ರಬಂಧಕ್ಕೆ ಮುಂದೆ 2001ರಲ್ಲಿ ನೊಬೆಲ್ ಬಂತು. ಕಾರುಗಳ ಜೊತೆಗೆ ಅದರಲ್ಲಿ ವೃದ್ಧರ ಮಾತೂ ಇದೆ. ಅರವತ್ತೈದು ದಾಟಿದವರಿಗೆ ಆರೋಗ್ಯ ವಿಮೆ ಸಿಗುವುದು ಯಾಕೆ ಇಷ್ಟು ಕಷ್ಟ, ಕಂತು ಹೆಚ್ಚಿಸಿ ಯಾಕೆ ಕೊಡಬಾರದು ಎಂದು ಅವರು ಕೇಳುತ್ತಾರೆ. ತನ್ನ ದೇಹದ ಸ್ಥಿತಿ ಕಂಪನಿಗಿಂತ ಕೊಳ್ಳುವವನಿಗೇ ಚೆನ್ನಾಗಿ ಗೊತ್ತು. ಕಂತು ಏರಿದಂತೆ ಗಟ್ಟಿಮುಟ್ಟಾಗಿರುವವರು ಹಿಂದೆ ಸರಿಯುತ್ತಾರೆ, ಕಾಯಿಲೆಯವರು ಉಳಿಯುತ್ತಾರೆ. ಆಗ ಕಂತು ಮತ್ತೆ ಏರಬೇಕು, ಮತ್ತಷ್ಟು ಜನ ಸರಿಯುತ್ತಾರೆ. ಮಳೆ ಕೈಕೊಟ್ಟದ್ದನ್ನು ಕಂಡ ಮೇಲೂ ಬೆಳೆ ವಿಮೆ ಮಾಡಿಸಲು ಬಿಟ್ಟಂತೆ ಇದು. ಯಾವ ಕಂಪನಿಯೂ ಬಾಳದು.

1965ಕ್ಕೆ ಮೊದಲು ಅಮೆರಿಕದ ಹಿರಿಯರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಆಸ್ಪತ್ರೆಯ ವಿಮೆಯೇ ಇರಲಿಲ್ಲ. ಆ ವರ್ಷ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣಕ್ಕೆ ಹೋಗಿ, ಮುದುಕರಾಗಿದ್ದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. ಮೊದಲ ಕಾರ್ಡು ಟ್ರೂಮನ್ ಅವರಿಗೇ ಸಿಕ್ಕಿತು. ಗಣಿತದ ದೃಷ್ಟಿಯಿಂದ ನೋಡಿದರೆ ಈ ಯೋಜನೆಯ ಗುಟ್ಟು ಸರಳ: ದುಡಿಯುವ ಕಾಲದಲ್ಲಿ ಎಲ್ಲರಿಂದಲೂ ಸಂಬಳದಲ್ಲಿ ಹಿಡಿದುಕೊಳ್ಳುವುದು, ಅರವತ್ತೈದಾದಾಗ ಗಟ್ಟಿಮುಟ್ಟಾದವರನ್ನೂ ರೋಗಿಗಳನ್ನೂ ಒಟ್ಟಿಗೆ ಸೇರಿಸಿಕೊಳ್ಳುವುದು. ಸರಿದು ಹೋಗಲು ಬಿಡದಿದ್ದರೆ ಅಕರ್ಲಾಫ್ ಹೇಳಿದ ಸುಳಿ ಹುಟ್ಟುವುದೇ ಇಲ್ಲ.

ಆದರೆ ಮೆಡಿಕೇರ್ ಹಣ ಕೊಡುವುದು ಆಸ್ಪತ್ರೆಗೆ. ತನ್ನ ಜೊತೆ ಒಪ್ಪಂದ ಮಾಡಿಕೊಂಡು, ತನ್ನ ನಿಯಮಕ್ಕೆ ತಲೆಬಾಗಿದ ಆಸ್ಪತ್ರೆಗೆ. ಆ ಒಪ್ಪಂದದ ಶಕ್ತಿ ಎಷ್ಟಿತ್ತೆಂದರೆ, ಯೋಜನೆ ಜಾರಿಗೆ ಬಂದ 1966ರಲ್ಲಿ ಕಪ್ಪು ಜನರನ್ನು ಬೇರೆ ವಾರ್ಡಿನಲ್ಲಿಡುವ ಆಸ್ಪತ್ರೆಗೆ ಹಣವಿಲ್ಲ ಎಂದು ಸರ್ಕಾರ ಹೇಳಿದ್ದೇ ತಡ, ದಕ್ಷಿಣದ ರಾಜ್ಯಗಳ ನೂರಾರು ಆಸ್ಪತ್ರೆಗಳಲ್ಲಿ ದಶಕಗಳ ಭೇದ ಕೆಲವೇ ತಿಂಗಳಲ್ಲಿ ಬಿದ್ದುಹೋಯಿತು. 1983ರಿಂದ ಈಚೆಗೆ ಆಸ್ಪತ್ರೆಯ ಪಾವತಿಯೂ ರೋಗದ ಗುಂಪಿನ ಮೇಲೆ ಮೊದಲೇ ನಿಗದಿಯಾದ ದರದಲ್ಲಿ ನಡೆಯುತ್ತದೆ. ರೋಮಿನ ಅಥವಾ ಮೈಸೂರಿನ ಆಸ್ಪತ್ರೆಯನ್ನು ಈ ಒಪ್ಪಂದದೊಳಗೆ ತರುವ, ಲೆಕ್ಕ ತಪಾಸಣೆ ಮಾಡುವ ಅಧಿಕಾರ ವಾಷಿಂಗ್ಟನ್ನಿಗಿಲ್ಲ. ಹಾಗಾಗಿ ಕಾನೂನು ಮೊದಲಿನಿಂದಲೂ ದೇಶದ ಹೊರಗಿನ ಚಿಕಿತ್ಸೆಯನ್ನು ಪಟ್ಟಿಯಿಂದ ಕೈಬಿಟ್ಟಿದೆ. ನಿವೃತ್ತರ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಮಾತ್ರ ಬಹುತೇಕ ಎಲ್ಲ ದೇಶಗಳಿಗೂ ತಪ್ಪದೆ ಬರುತ್ತದೆ. ಪಿಂಚಣಿ ಮನುಷ್ಯನಿಗೆ ಸಲ್ಲುವ ಹಣವಾದ್ದರಿಂದ ಅವನ ಹಿಂದೆಯೇ ಹೋಗುತ್ತದೆ.

ವಿನಾಯಿತಿಗಳು ಮೂರೇ ಮೂರು. ಅಮೆರಿಕದ ನೆಲದಲ್ಲಿರುವಾಗಲೇ ತುರ್ತು ಸ್ಥಿತಿ ಬಂದು, ಗಡಿಯಾಚೆಯ ಆಸ್ಪತ್ರೆಯೇ ಹತ್ತಿರವಾಗಿದ್ದರೆ ಅದು ಒಂದು. ಎರಡನೆಯದು ಅಲಾಸ್ಕಾಕ್ಕೆ ಕಾರಿನಲ್ಲಿ ಹೋಗುವವರಿಗೆ: ಕೆನಡಾದ ಮೂಲಕ ನೇರ ದಾರಿಯಲ್ಲಿ, ಅನಗತ್ಯ ತಡ ಮಾಡದೆ ಸಾಗುವಾಗ ತುರ್ತು ಬಂದರೆ. ಕರಡಿ ನೋಡಲು ಎರಡು ದಿನ ನಿಂತದ್ದು ಅನಗತ್ಯವೋ ಅಲ್ಲವೋ ಎಂಬುದನ್ನು ಮೆಡಿಕೇರೇ ತೀರ್ಮಾನಿಸುತ್ತದೆ. ಮೂರನೆಯದಕ್ಕೆ ತುರ್ತೇ ಬೇಕಿಲ್ಲ. ಮನೆಗೆ ಹತ್ತಿರದ ಆಸ್ಪತ್ರೆ ಪರದೇಶದಲ್ಲಿದ್ದರೆ ಸಾಕು. ಈ ನಿಯಮ ವಿಚಿತ್ರವೆನಿಸಿದರೆ ವಾಷಿಂಗ್ಟನ್ ರಾಜ್ಯದ ಪಾಯಿಂಟ್ ರಾಬರ್ಟ್ಸ್ ಎಂಬ ಊರಿನ ನಕ್ಷೆ ನೋಡಬೇಕು. 49ನೇ ಅಕ್ಷಾಂಶದುದ್ದಕ್ಕೆ ಗೆರೆ ಎಳೆದಾಗ ಕೆನಡಾದ ಭೂಭಾಗದ ತುದಿಯೊಂದು ತುಂಡಾಗಿ ಅಮೆರಿಕಕ್ಕೆ ಬಂತು. ಅಲ್ಲಿಂದ ರಸ್ತೆಯಲ್ಲಿ ತಮ್ಮದೇ ರಾಜ್ಯದ ಉಳಿದ ಭಾಗಕ್ಕೆ ಹೋಗಲು ಎರಡು ಸಲ ಗಡಿ ದಾಟಬೇಕು. ಇನ್ನು ಪ್ರವಾಸಿ ಹಡಗಿನಲ್ಲಿ, ಅಮೆರಿಕದ ಬಂದರಿನಿಂದ ಆರು ಗಂಟೆಯ ದೂರದೊಳಗೆ ಇರುವಾಗ ಪಡೆದ ಚಿಕಿತ್ಸೆಗೆ ಹಣ ಸಿಗಬಹುದು. ಏಳನೆಯ ಗಂಟೆಗೆ ಇಲ್ಲ.

ಮೆಡಿಕೇರ್ ನೆಲ ಹಿಡಿದು ಕೂತಿದ್ದರೂ ಅಪಾಯ ದೇಹದ ಜೊತೆ ಹೊರಟುಬಿಡುತ್ತದೆ. ಹತ್ತಿದ ವಿಮಾನದಲ್ಲೇ ಅದು ತುಸು ಹೆಚ್ಚುತ್ತದೆ ಕೂಡ. ಕ್ಯಾಬಿನ್ನಿನ ಗಾಳಿಯ ಒತ್ತಡ ಸಮುದ್ರಮಟ್ಟದ್ದಲ್ಲ. 8,000 ಅಡಿ, ಅಂದರೆ ಸುಮಾರು 2,440 ಮೀಟರ್ ಎತ್ತರದ ಒತ್ತಡದವರೆಗೂ ಇಳಿಯಬಹುದು. ನಮ್ಮ ಮುಳ್ಳಯ್ಯನಗಿರಿಗಿಂತಲೂ ಐನೂರು ಮೀಟರ್ ಮೇಲೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಬದಲಾಗದಿದ್ದರೂ ಒತ್ತಡ ಕಡಿಮೆಯಾದ್ದರಿಂದ ದೇಹಕ್ಕೆ ದಕ್ಕುವುದು ಸಮುದ್ರಮಟ್ಟದಲ್ಲಿ ಶೇ. 15ರಷ್ಟು ಆಮ್ಲಜನಕವಿರುವ ಗಾಳಿಯನ್ನು ಉಸಿರಾಡಿದಷ್ಟೇ. ಆರೋಗ್ಯವಂತರಿಗೆ ಇದು ಗೊತ್ತೇ ಆಗುವುದಿಲ್ಲ. ವರ್ಷಗಟ್ಟಲೆ ಸಿಗರೇಟು ಸೇದಿ ಶ್ವಾಸಕೋಶ ಸವೆದವರಿಗೆ, ಹೃದಯ ದುರ್ಬಲವಾದವರಿಗೆ ಅದೇ ಹತ್ತು ಗಂಟೆಯ ಪರೀಕ್ಷೆ. ಎತ್ತರಕ್ಕೆ ಹೋದಂತೆ ದೇಹದೊಳಗೆ ಸಿಕ್ಕಿಕೊಂಡ ಅನಿಲ ಮೂರನೇ ಒಂದರಷ್ಟು ಹಿಗ್ಗುತ್ತದೆ. ಹೊಟ್ಟೆಯ ಅಥವಾ ಎದೆಯ ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ವೈದ್ಯರು ವಿಮಾನ ಬೇಡವೆನ್ನುವುದು ಇದಕ್ಕೇ.

ಕಾಲಿನ ರಕ್ತನಾಳಗಳಲ್ಲಿ ಗಡ್ಡೆ ಕಟ್ಟುವುದು ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆಗಿಂತ ಹೆಚ್ಚು ಕೂತು ಪ್ರಯಾಣಿಸಿದರೆ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಇಮ್ಮಡಿಯಾದರೂ ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಂದರಷ್ಟು, ಅಂದರೆ ಬೆಚ್ಚಿಬೀಳುವಂಥದ್ದೇನಲ್ಲ. ಆದರೆ ವಯಸ್ಸು, ಕ್ಯಾನ್ಸರ್, ಇತ್ತೀಚೆಗೆ ಬದಲಿಸಿದ ಸೊಂಟದ ಕೀಲು ಇವೆಲ್ಲ ಸೇರಿಕೊಂಡರೆ ಲೆಕ್ಕ ಬೇರೆ. ಗಡ್ಡೆ ಕಟ್ಟುವುದು ವಿಮಾನದಲ್ಲಿ. ಅದು ಕಿತ್ತು ಶ್ವಾಸಕೋಶಕ್ಕೆ ಹೋಗುವುದು ವಾರದ ನಂತರ, ಲಿಸ್ಬನ್ನಿನ ಹೋಟೆಲಿನಲ್ಲಿ ಆಗಿರಬಹುದು.

ಆಗ ಯಾರು ದುಡ್ಡು ಕೊಡುತ್ತಾರೆ? ಮೆಡಿಕೇರ್ ಭರಿಸದ ಪಾಲಿಗೆಂದು ಖಾಸಗಿ ಕಂಪನಿಗಳು ಮಾರುವ ಮೆಡಿಗ್ಯಾಪ್ ಪಾಲಿಸಿಗಳಿವೆ. ಅವುಗಳಲ್ಲಿ ಸಿ, ಡಿ, ಎಫ್, ಜಿ, ಎಂ, ಎನ್ ಎಂಬ ಬಗೆಗಳಿಗೆ ವಿದೇಶದ ತುರ್ತು ಚಿಕಿತ್ಸೆಯ ಸೌಲಭ್ಯವಿದೆ. ಲಿಸ್ಬನ್ನಿನ ಬಿಲ್ಲು 12,000 ಡಾಲರ್ ಎಂದಿಟ್ಟುಕೊಳ್ಳಿ. ಮೊದಲ 250 ರೋಗಿಯದೇ. ಉಳಿದ 11,750ರಲ್ಲಿ ಶೇ. 80, ಅಂದರೆ 9,400 ಡಾಲರ್ ಕಂಪನಿಯದು. ರೋಗಿಗೆ ಬೀಳುವುದು 2,600. ಕೇಳಲು ಚೆನ್ನಾಗಿದೆ. ಆದರೆ ತುರ್ತು ಬಂದದ್ದು ಪ್ರವಾಸದ ಮೊದಲ 60 ದಿನಗಳೊಳಗೆ ಇರಬೇಕು, ಮತ್ತು ಜೀವಮಾನಕ್ಕೆಲ್ಲ ಸೇರಿ 50,000 ಡಾಲರೇ ಮಿತಿ. ಐಸಿಯುನಲ್ಲಿ ಎರಡು ವಾರ ಮಲಗಿದವರಿಗೆ ಆ ಮಿತಿ ಎಲ್ಲಿ ಸಾಕಾದೀತು? ಮೆಡಿಕೇರ್ ಅಡ್ವಾಂಟೇಜ್ ಎಂಬ ಖಾಸಗಿ ರೂಪದ ಕೆಲವು ಯೋಜನೆಗಳೂ ವಿದೇಶದ ತುರ್ತನ್ನು ನೋಡಿಕೊಳ್ಳುತ್ತವೆ. ಸೇನೆಯಿಂದ ನಿವೃತ್ತರಾದವರ ಟ್ರೈಕೇರ್ ಫಾರ್ ಲೈಫ್ ಮಾತ್ರ ಹೊರದೇಶದಲ್ಲೂ ತಾನೇ ಮುಂದೆ ನಿಂತು ಕಟ್ಟುತ್ತದೆ. ಅದು ಅದೃಷ್ಟವಂತರ ಮಾತಾಯಿತು.

ಉಳಿದವರು ಪ್ರವಾಸ ವಿಮೆ ಕೊಳ್ಳಬೇಕು. ಇಲ್ಲಿ ಅವರು 1965ಕ್ಕಿಂತ ಹಿಂದಿನ ಮಾರುಕಟ್ಟೆಗೆ ಮರಳಿರುತ್ತಾರೆ. ಕಡ್ಡಾಯವಿಲ್ಲ, ಬೇಕೆನಿಸಿದವರು ಕೊಳ್ಳಬಹುದು. ಬೇಕೆನಿಸುವುದು ಯಾರಿಗೆ? ಕಂಪನಿಗಳ ಭಯ ಅದೇ. ಅದಕ್ಕೆ ಅವರ ಅಸ್ತ್ರ ಹಿಂದಿರುಗಿ ನೋಡುವ ಷರತ್ತು: ಪಾಲಿಸಿ ಕೊಂಡ ದಿನದಿಂದ ಹಿಂದಕ್ಕೆ 60ರಿಂದ 180 ದಿನಗಳಲ್ಲಿ ಯಾವುದೇ ಕಾಯಿಲೆಗೆ ಹೊಸ ಲಕ್ಷಣ, ಹೊಸ ಪರೀಕ್ಷೆ, ಔಷಧಿಯ ಬದಲಾವಣೆ ಆಗಿದ್ದರೆ ಆ ಕಾಯಿಲೆ ಹೊರಗೆ. ಬದಲಾವಣೆ ಅಂದರೆ ದೊಡ್ಡದೇ ಆಗಬೇಕೆಂದಿಲ್ಲ. ಬಿಪಿಗೆ ತೆಗೆದುಕೊಳ್ಳುತ್ತಿದ್ದ ಆಮ್ಲೋಡಿಪಿನ್ ಮಾತ್ರೆಯನ್ನು ವೈದ್ಯರು 5 ಮಿಲಿಗ್ರಾಂನಿಂದ 10ಕ್ಕೆ ಏರಿಸಿ ನಲವತ್ತು ದಿನ ಆಗಿದೆ ಎನ್ನಿ. ರೋಗಿಯ ದೃಷ್ಟಿಯಲ್ಲಿ ಬಿಪಿ ಹತೋಟಿಗೆ ಬಂತು, ನಿಶ್ಚಿಂತೆ. ಪಾಲಿಸಿಯ ಭಾಷೆಯಲ್ಲಿ ಅದು ಸ್ಥಿರವಲ್ಲದ ಕಾಯಿಲೆ. ಪ್ರವಾಸದಲ್ಲಿ ಪಾರ್ಶ್ವವಾಯು ಹೊಡೆದರೆ ಆ ಐದು ಮಿಲಿಗ್ರಾಂ ಮೇಲೇ ಜಗಳ. ಒಳ್ಳೆಯ ವೈದ್ಯ ಮಾಡಿದ ಒಳ್ಳೆಯ ಕೆಲಸಕ್ಕೆ ರೋಗಿ ದಂಡ ತೆರುವ ಈ ಏರ್ಪಾಡು ನನಗಂತೂ ಒಪ್ಪಿಗೆಯಾಗಿಲ್ಲ.

ಆದರೂ ಇದಕ್ಕಿರುವ ಬಿಡುಗಡೆಯ ದಾರಿಯಲ್ಲಿ ಜಾಣತನವಿದೆ. ಪ್ರವಾಸಕ್ಕೆ ಮೊದಲ ಮುಂಗಡ ಕಟ್ಟಿದ ಎರಡು ಮೂರು ವಾರಗಳೊಳಗೆ ಪಾಲಿಸಿ ಕೊಂಡು, ಅಂದು ಪ್ರಯಾಣ ಮಾಡಲು ಶಕ್ತರಾಗಿದ್ದರೆ ಹಲವು ಕಂಪನಿಗಳು ಈ ಷರತ್ತನ್ನು ಬಿಟ್ಟುಕೊಡುತ್ತವೆ. ಆರು ತಿಂಗಳ ಮುಂಚೆ ಕೊಳ್ಳುವವನಿಗೆ ಹೊರಡುವ ದಿನದ ತನ್ನ ಆರೋಗ್ಯ ಕಂಪನಿಗೆ ಎಷ್ಟು ಗೊತ್ತೋ ಅಷ್ಟೇ ಗೊತ್ತು. ಅಕರ್ಲಾಫ್ ಎತ್ತಿದ ತೊಡಕು ಅಲ್ಲಿ ಬಹುಮಟ್ಟಿಗೆ ಸಡಿಲವಾಗುತ್ತದೆ.

ಎಲ್ಲಕ್ಕಿಂತ ದುಬಾರಿಯಾದದ್ದು ಮರಳಿ ಕರೆತರುವುದು. ದೂರದ ಖಂಡದಿಂದ ಏರ್ ಆಂಬುಲೆನ್ಸಿನಲ್ಲಿ ತರಬೇಕಾದರೆ ಖರ್ಚು ಲಕ್ಷ ಡಾಲರ್ ದಾಟುವುದುಂಟು. ರೋಗಿಯ ಶ್ವಾಸಕೋಶ ಆ ಎತ್ತರದ ಒತ್ತಡ ತಡೆಯದಿದ್ದರೆ ಕ್ಯಾಬಿನ್ನನ್ನು ಸಮುದ್ರಮಟ್ಟದ ಒತ್ತಡದಲ್ಲಿಡಲು ವಿಮಾನ ಕೆಳಗೆ ಹಾರಬೇಕು. ಅಲ್ಲಿ ಗಾಳಿ ದಟ್ಟ, ಇಂಧನ ಹೆಚ್ಚು ಸುಡುತ್ತದೆ, ನಡುವೆ ಇಳಿದು ತುಂಬಿಸಿಕೊಳ್ಳಬೇಕು. ಜೊತೆಗೆ ವೆಂಟಿಲೇಟರು, ನರ್ಸು, ವೈದ್ಯ. ಇಷ್ಟಾಗಿಯೂ ಬಹಳಷ್ಟು ಪಾಲಿಸಿಗಳು ಒಯ್ಯುವ ಮಾತು ಕೊಡುವುದು ತಕ್ಕ ಸೌಕರ್ಯವಿರುವ ಹತ್ತಿರದ ಆಸ್ಪತ್ರೆಗೆ, ಮನೆಯ ಹತ್ತಿರದ್ದಕ್ಕಲ್ಲ.

ಅಮೆರಿಕದ ಕನ್ನಡಿಗರಿಗೆ ಈ ಸಂಗತಿ ದೂರದ್ದಲ್ಲ. ಮೆಡಿಕೇರಿಗೆ ಸಹಿ ಬಿದ್ದ ಮೂರನೇ ತಿಂಗಳಲ್ಲಿ, 1965ರ ಅಕ್ಟೋಬರ್ 3ರಂದು, ಅದೇ ಜಾನ್ಸನ್ ವಲಸೆ ಕಾನೂನಿಗೂ ಸಹಿ ಹಾಕಿದರು. ಏಷ್ಯಾದವರಿಗೆ ಬಾಗಿಲು ತೆರೆಯಿತು. ಮೈಸೂರು, ಮಣಿಪಾಲ, ಬೆಂಗಳೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಓದಿದವರು ಹೊರಟರು. ಅಲ್ಲಿನ ಆಸ್ಪತ್ರೆಗಳಲ್ಲಿ ಅವರು ಪಡೆದ ರೆಸಿಡೆನ್ಸಿ ತರಬೇತಿಗೆ ಹಣದ ದೊಡ್ಡ ಪಾಲು ಬರುತ್ತಿದ್ದದ್ದು ಮೆಡಿಕೇರಿನಿಂದಲೇ. ಅವರೀಗ ತಾವೇ ಮೆಡಿಕೇರ್ ಕಾರ್ಡು ಹಿಡಿದಿದ್ದಾರೆ. ಚಳಿಗಾಲಕ್ಕೆ ಊರಿಗೆ ಬಂದಾಗ, ಓದಿದ ಕಾಲೇಜಿನ ಆಸ್ಪತ್ರೆಯಲ್ಲೇ ದಾಖಲಾದರೂ ಆ ಕಾರ್ಡಿಗೆ ಬೆಲೆಯಿಲ್ಲ.

ಖಾಯಂ ಮರಳುವವರ ಲೆಕ್ಕ ಇನ್ನೂ ಬಿಗಿ. ಹತ್ತು ವರ್ಷ ದುಡಿದವರಿಗೆ ಆಸ್ಪತ್ರೆಯ ಭಾಗವಾದ ಪಾರ್ಟ್ ಎ ಉಚಿತ. ವೈದ್ಯರ ಶುಲ್ಕದ ಪಾರ್ಟ್ ಬಿಗೆ ಕಂತು ಕಟ್ಟಬೇಕು. 2025ರಲ್ಲಿ ಅದು ತಿಂಗಳಿಗೆ 185 ಡಾಲರ್. ಬೆಂಗಳೂರಿನಲ್ಲಿ ಕೂತು ಉಪಯೋಗವಿಲ್ಲದ ವಿಮೆಗೆ ಯಾಕೆ ಕಟ್ಟಬೇಕೆಂದು ನಿಲ್ಲಿಸಿದವರು, ಐದು ವರ್ಷ ಬಿಟ್ಟು ಮೊಮ್ಮಕ್ಕಳ ಬಳಿಗೆ ಹಿಂದಿರುಗಿದರೆ ವರ್ಷಕ್ಕೆ ಶೇ. 10ರಂತೆ ಶೇ. 50 ದಂಡವನ್ನು ಉಳಿದ ಬದುಕಿನುದ್ದಕ್ಕೂ ತೆರಬೇಕು. ಅಡ್ವಾಂಟೇಜ್ ಯೋಜನೆಯಲ್ಲಿದ್ದವರು ಆರು ತಿಂಗಳಿಗಿಂತ ಹೆಚ್ಚು ಊರಲ್ಲಿದ್ದರೆ ಸಾಮಾನ್ಯವಾಗಿ ಯೋಜನೆಯಿಂದಲೇ ಹೆಸರು ಹೋಗುತ್ತದೆ.

ಇಲ್ಲಿಯ ಪಾಲಿಸಿ ಕೊಳ್ಳೋಣವೆಂದರೆ, 2024ರಲ್ಲಿ ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ ಅರವತ್ತೈದರ ವಯೋಮಿತಿಯನ್ನು ತೆಗೆದುಹಾಕಿತು, ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. ಸಕ್ಕರೆ ಕಾಯಿಲೆಯವರಿಗೆ ಆ ಮೂರು ವರ್ಷವೂ ಉದ್ದವೇ. ಹಾಗಾಗಿ ಅನುಕೂಲವಿರುವವರು ಎರಡನ್ನೂ ಇಟ್ಟುಕೊಳ್ಳುತ್ತಾರೆ: ಮಂಡಿ ಬದಲಿಸುವುದು, ಕಣ್ಣಿನ ಪೊರೆ ತೆಗೆಸುವುದು ಇಂಥ ದಿನ ಗೊತ್ತುಮಾಡಿಕೊಳ್ಳಬಹುದಾದ ಕೆಲಸಗಳಿಗೆ ಪಾರ್ಟ್ ಬಿ ಮತ್ತು ವಿಮಾನದ ಟಿಕೆಟು, ನಡುರಾತ್ರಿಯ ಎದೆನೋವಿಗೆ ಇಲ್ಲಿಯ ಪಾಲಿಸಿ, ಅದು ಕೈಕೊಟ್ಟರೆ ಬ್ಯಾಂಕಿನ ಠೇವಣಿ.