ಕಿಂಡಿಯಲ್ಲಿ ಕಂಡಷ್ಟೇ ಚಿತ್ರವಲ್ಲ

ಡಿಜಿಟಲ್ ಕ್ಯಾಮೆರಾದ ಹಿಂಬದಿಯಲ್ಲಿ, ಪರದೆಯ ಮೇಲ್ಗಡೆ, ರಬ್ಬರ್ ಅಂಚಿನ ಪುಟ್ಟ ಕಿಂಡಿಯೊಂದಿರುತ್ತದೆ. ಅದೇ ವ್ಯೂಫೈಂಡರ್. ಮೊಬೈಲಿನಲ್ಲಿ ಫೋಟೊ ತೆಗೆದು ರೂಢಿಯಾದವರು ಹೊಸ ಕ್ಯಾಮೆರಾ ಕೈಗೆ ಬಂದಾಗಲೂ ಅದನ್ನು ಮುಂದಕ್ಕೆ ಚಾಚಿ ಹಿಡಿದು, ಪರದೆ ನೋಡಿಯೇ ಕ್ಲಿಕ್ಕಿಸುತ್ತಾರೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಪರದೆ ಮಂಕಾಗಿ ಸರಿಯಾಗಿ ಕಾಣದು. ಚಾಚಿದ ಕೈ ಅಲುಗಿ ಚಿತ್ರವೂ ಅಲುಗುತ್ತದೆ. ಕಣ್ಣನ್ನು ಕಿಂಡಿಗೆ ಹಚ್ಚಿದರೆ ಎರಡೂ ತೊಂದರೆ ಬಹುಮಟ್ಟಿಗೆ ತಪ್ಪುತ್ತವೆ. ಅದಕ್ಕೆ ಮೊದಲು ಕಿಂಡಿಯನ್ನು ಕಣ್ಣಿಗೆ ಹೊಂದಿಸಿಕೊಳ್ಳಬೇಕು, ಅದು ತೋರಿಸುವುದನ್ನು ಓದಲು ಕಲಿಯಬೇಕು, ತೋರಿಸದೆ ಬಿಡುವುದು ಯಾವುದೆಂದೂ ತಿಳಿದಿರಬೇಕು.

ಗಾಜಿನ ಕಿಂಡಿ, ವಿದ್ಯುತ್ ಕಿಂಡಿ

ವ್ಯೂಫೈಂಡರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಇರುವುದು ಆಪ್ಟಿಕಲ್ ವ್ಯೂಫೈಂಡರ್. ಲೆನ್ಸ್ ಮೂಲಕ ಬಂದ ಬೆಳಕು 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಅಲ್ಲಿರುವ ಫೋಕಸಿಂಗ್ ಸ್ಕ್ರೀನ್ ಮೇಲೆ ಬಿಂಬ ಮೂಡುತ್ತದೆ. ಆ ಬಿಂಬದಲ್ಲಿ ಎಡಬಲ ಅದಲುಬದಲಾಗಿರುತ್ತದೆ. ಅದನ್ನು ನೇರ ಮಾಡಿ ಕಣ್ಣಿಗೆ ತಲುಪಿಸಲು 1949ರ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದ ಕಾಲದಿಂದಲೂ ಗಾಜಿನ ಪೆಂಟಾಪ್ರಿಸಂ ಬಳಕೆಯಲ್ಲಿದೆ. ಇಡೀ ಗಾಜಿನ ಈ ಪಟ್ಟಕ ಭಾರವೂ ಹೌದು, ದುಬಾರಿಯೂ ಹೌದು. ಹಾಗಾಗಿ 2018ರಲ್ಲಿ ಬಂದ ಕ್ಯಾನನ್ ಇಒಎಸ್ 1500ಡಿ, ನಿಕಾನ್ ಡಿ3500ರಂಥ ಆರಂಭಿಕ ಮಾದರಿಗಳಲ್ಲಿ ಅದರ ಬದಲಿಗೆ ಕನ್ನಡಿಗಳನ್ನು ಜೋಡಿಸಿದ ಪೆಂಟಾಮಿರರ್ ಇರುತ್ತದೆ. ಕ್ಯಾಮೆರಾ ಹಗುರಾಗುತ್ತದೆ, ಬೆಲೆ ಇಳಿಯುತ್ತದೆ; ಆದರೆ ಕಿಂಡಿಯಲ್ಲಿ ಕಾಣುವ ನೋಟ ದುಬಾರಿ ಕ್ಯಾಮೆರಾದಷ್ಟು ದೊಡ್ಡದಾಗಿಯೂ ಬೆಳಕಾಗಿಯೂ ಇರುವುದಿಲ್ಲ.

ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕನ್ನಡಿಯೇ ಇಲ್ಲ. ಸೆನ್ಸರ್ ಕಂಡದ್ದನ್ನು ಕಿಂಡಿಯೊಳಗಿನ ಪುಟ್ಟ ಪರದೆ ತೋರಿಸುತ್ತದೆ. ಈ ಎಲೆಕ್ಟ್ರಾನಿಕ್ ವ್ಯೂಫೈಂಡರ್ 2008ರ ಪ್ಯಾನಾಸೋನಿಕ್ ಜಿ1ರೊಂದಿಗೆ ಮಿರರ್‌ಲೆಸ್ ಲೋಕಕ್ಕೆ ಬಂತು. 2023ರ ಕ್ಯಾನನ್ ಆರ್50ರ ಕಿಂಡಿಯಲ್ಲಿ ಸುಮಾರು 23.6 ಲಕ್ಷ ಚುಕ್ಕೆಗಳ ಒಎಲ್‌ಇಡಿ ಪರದೆ ಇದೆ. ಚಿತ್ರ ಕಪ್ಪಾಗುವುದೋ ಬೆಳ್ಳಗಾಗುವುದೋ ಎಂಬುದು ಕ್ಲಿಕ್ಕಿಸುವ ಮೊದಲೇ ಇಲ್ಲಿ ಕಾಣುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಬ್ಯಾಟರಿ. ಡಿ3500 ಒಂದು ಚಾರ್ಜಿನಲ್ಲಿ ಸುಮಾರು 1,550 ಚಿತ್ರ ತೆಗೆಯಬಲ್ಲದು ಎಂಬುದು ತಯಾರಕರ ಲೆಕ್ಕ. ಆರಂಭಿಕ ಮಿರರ್‌ಲೆಸ್‌ಗಳಲ್ಲಿ ಈ ಲೆಕ್ಕ ಕೆಲವು ನೂರುಗಳಲ್ಲೇ ನಿಲ್ಲುತ್ತದೆ.

ಮೊದಲ ಕೆಲಸ: ಡಯಾಪ್ಟರ್

ಕಿಂಡಿಯ ಪಕ್ಕದಲ್ಲಿ ಸಣ್ಣ ಚಕ್ರವೋ ಜಾರುಗುಂಡಿಯೋ ಇರುತ್ತದೆ. ಅದು ಡಯಾಪ್ಟರ್. ನೋಡುವವರ ದೃಷ್ಟಿಗೆ ತಕ್ಕಂತೆ ಕಿಂಡಿಯ ಮಸೂರವನ್ನು ಹೊಂದಿಸುವುದಷ್ಟೇ ಅದರ ಕೆಲಸ. ತೆಗೆದ ಚಿತ್ರದ ಫೋಕಸ್‌ಗೂ ಅದಕ್ಕೂ ಸಂಬಂಧವಿಲ್ಲ. ಕ್ಯಾಮೆರಾ ಚೀಲದೊಳಗೆ ಹೋಗಿ ಬರುವಾಗ ಈ ಚಕ್ರ ತಾನಾಗಿ ತಿರುಗಿಬಿಡುವುದುಂಟು. ಆಗ ಕಿಂಡಿಯಲ್ಲಿ ಎಲ್ಲವೂ ಮಸುಕಾಗಿ ಕಂಡು, ಲೆನ್ಸೇ ಕೆಟ್ಟಿತೆಂದು ಹೊಸಬರು ಗಾಬರಿಯಾಗುತ್ತಾರೆ.

ಹೊಂದಿಸುವಾಗ ಎದುರಿನ ದೃಶ್ಯವನ್ನು ನೋಡಬಾರದು. ಕ್ಯಾಮೆರಾವನ್ನು ಬರಿ ಗೋಡೆಯತ್ತ ತಿರುಗಿಸಿ, ಶಟರ್ ಗುಂಡಿಯನ್ನು ಅರ್ಧ ಒತ್ತಿದರೆ ಕಿಂಡಿಯ ಕೆಳಸಾಲಿನಲ್ಲಿ ಅಂಕಿಗಳು ಬೆಳಗುತ್ತವೆ. ಆ ಅಂಕಿಗಳ ಅಂಚು ಚೂಪಾಗುವವರೆಗೆ ಚಕ್ರ ತಿರುಗಿಸಿದರೆ ಕೆಲಸ ಮುಗಿಯಿತು. 1500ಡಿಯಲ್ಲಿ ಈ ಹೊಂದಾಣಿಕೆಯ ವ್ಯಾಪ್ತಿ ಮೈನಸ್ 2.5ರಿಂದ ಪ್ಲಸ್ 0.5. ಅದರಾಚೆಗಿನ ದೋಷವಿರುವವರು ಕನ್ನಡಕ ಹಾಕಿಕೊಂಡೇ ನೋಡಬೇಕಾಗುತ್ತದೆ. ಕನ್ನಡಕ ಹಾಕಿ ಹೊಂದಿಸಿದ್ದು ಕನ್ನಡಕ ತೆಗೆದಾಗ ಹೊಂದದು.

ಹಿಡಿಯುವ ಬಗೆ

ಬಲಗೈ ಹಿಡಿಕೆಯಲ್ಲಿ, ಎಡ ಅಂಗೈ ಲೆನ್ಸಿನ ಅಡಿಯಲ್ಲಿ, ಎರಡೂ ಮೊಣಕೈ ಪಕ್ಕೆಗೆ ಆತು, ರಬ್ಬರ್ ಅಂಚು ಹುಬ್ಬಿಗೆ ತಾಗಿದ್ದರೆ ಕ್ಯಾಮೆರಾಕ್ಕೆ ಮೂರು ಕಡೆ ಆಧಾರ ಸಿಗುತ್ತದೆ. ಆದರೂ ಶಟರ್ ವೇಗದ ಲೆಕ್ಕ ತಪ್ಪಬಾರದು. ಮೇಲೆ ಹೇಳಿದ ಆರಂಭಿಕ ಕ್ಯಾಮೆರಾಗಳ ಸೆನ್ಸರ್ ಫುಲ್‌ಫ್ರೇಮ್‌ಗಿಂತ ಚಿಕ್ಕದಾದ್ದರಿಂದ ಲೆನ್ಸಿನ ಫೋಕಲ್ ಲೆಂತ್ ಅನ್ನು ಸುಮಾರು ಒಂದೂವರೆ ಪಟ್ಟು ಎಂದೇ ಎಣಿಸಬೇಕು. 200 ಮಿ.ಮೀ. ಜೂಮ್‌ನಲ್ಲಿ ಅದು 300 ಆಗುವುದರಿಂದ, ಕೈಯಲ್ಲಿ ಹಿಡಿದು ತೆಗೆಯಲು ಸೆಕೆಂಡಿನ 1/300 ಭಾಗಕ್ಕಿಂತ ನಿಧಾನವಾಗದಿರುವುದು ಕ್ಷೇಮ. ಲೆನ್ಸಿನಲ್ಲಿ ಸ್ಟೆಬಿಲೈಸೇಷನ್ ಇದ್ದರೆ ಇನ್ನಷ್ಟು ಸಡಿಲಿಕೆ ಉಂಟು.

ಓದಿಕೊಳ್ಳಬೇಕಾದದ್ದು

ಶಟರ್ ಅರ್ಧ ಒತ್ತಿದಾಗ ಫೋಕಸ್ ಆದ ಬಿಂದು ಬೆಳಗುತ್ತದೆ. ಕೆಳಸಾಲಿನಲ್ಲೊಂದು ಹಸಿರು ಚುಕ್ಕೆ ನಿಶ್ಚಲವಾಗಿ ನಿಂತರೆ ಫೋಕಸ್ ಸಿಕ್ಕಿದೆ ಎಂದರ್ಥ, ಮಿಣುಕುತ್ತಿದ್ದರೆ ಸಿಕ್ಕಿಲ್ಲ. ಅದೇ ಸಾಲಿನಲ್ಲಿ 125 ಎಂದಿದ್ದರೆ ಶಟರ್ ತೆರೆದಿರುವುದು ಸೆಕೆಂಡಿನ 1/125 ಭಾಗ. ಅಂಕಿಯ ಮುಂದೆ ಉದ್ಧರಣ ಚಿಹ್ನೆಯಂಥ ಎರಡು ಗೀಟು ಇದ್ದರೆ ಅದು ಇಡೀ ಸೆಕೆಂಡುಗಳ ಲೆಕ್ಕ. ಪಕ್ಕದ 5.6ರಂಥ ಅಂಕಿ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರದ ಅಳತೆ. ಮಧ್ಯದ ಸೊನ್ನೆಯ ಎರಡೂ ಬದಿಗೆ ಹರಡಿದ ಪಟ್ಟಿ ಬೆಳಕಿನ ಮಾಪಕ.

ಬಿಂದುಗಳ ಆಯ್ಕೆಯನ್ನು ಕ್ಯಾಮೆರಾಕ್ಕೇ ಬಿಟ್ಟರೆ ಅದು ಸಾಮಾನ್ಯವಾಗಿ ಹತ್ತಿರದ ವಸ್ತುವನ್ನೇ ಹಿಡಿಯುತ್ತದೆ. ರಂಗನತಿಟ್ಟಿನಲ್ಲಿ ದೋಣಿಯಿಂದ ಕೊಕ್ಕರೆಯ ಚಿತ್ರ ತೆಗೆದಾಗ ಮುಂದಿನ ಕೊಂಬೆ ನಿಚ್ಚಳವಾಗಿ, ಹಿಂದಿನ ಹಕ್ಕಿ ಮಸುಕಾಗಿ ಬರುವುದು ಇದರಿಂದಲೇ. 1500ಡಿಯ ಒಂಬತ್ತು ಬಿಂದುಗಳಲ್ಲಿ ನಡುವಿನದನ್ನು ಮಾತ್ರ ಆರಿಸಿ, ಅದನ್ನು ಹಕ್ಕಿಯ ಕಣ್ಣಿನ ಮೇಲಿಟ್ಟು ಅರ್ಧ ಒತ್ತಿ, ಗುಂಡಿ ಬಿಡದೆಯೇ ಚೌಕಟ್ಟನ್ನು ಬೇಕಾದಂತೆ ಸರಿಸಿ ಪೂರ್ತಿ ಒತ್ತುವುದು ಸರಿಯಾದ ದಾರಿ.

ಕಾಣದೆ ಉಳಿಯುವುದು

ಆರಂಭಿಕ ಡಿಎಸ್‌ಎಲ್‌ಆರ್‌ನ ಕಿಂಡಿ ಅಡ್ಡಕ್ಕೂ ಉದ್ದಕ್ಕೂ ಶೇ 95ರಷ್ಟನ್ನು ಮಾತ್ರ ತೋರಿಸುತ್ತದೆ. 6000 ಅಡ್ಡ 4000 ಪಿಕ್ಸೆಲ್‌ಗಳ ಚಿತ್ರದಲ್ಲಿ ಎಡಬಲಕ್ಕೆ ತಲಾ ಸುಮಾರು 150, ಮೇಲೆ ಕೆಳಗೆ ತಲಾ ಸುಮಾರು 100 ಪಿಕ್ಸೆಲ್‌ಗಳು ಕಣ್ಣಿಗೆ ಬೀಳದೆಯೇ ದಾಖಲಾಗುತ್ತವೆ. ಒಟ್ಟು ಚಿತ್ರದ ಹತ್ತನೇ ಒಂದು ಭಾಗ ಇದು. ಇಲ್ಲವೆಂದುಕೊಂಡ ವಿದ್ಯುತ್ ತಂತಿ, ಯಾರದೋ ಮೊಣಕೈ ಚಿತ್ರದ ಅಂಚಿನಲ್ಲಿ ಇಣುಕುವುದು ಹೀಗೆ. ನಾಲ್ಕೂ ಮೂಲೆಗಳಲ್ಲಿ ಒಮ್ಮೆ ಕಣ್ಣಾಡಿಸಿ ಕ್ಲಿಕ್ಕಿಸುವುದು, ಆಮೇಲೆ ಅಂಚು ಕತ್ತರಿಸುವುದು ಇದಕ್ಕೆ ಪರಿಹಾರ. ಎಲೆಕ್ಟ್ರಾನಿಕ್ ಕಿಂಡಿ ಸಾಮಾನ್ಯವಾಗಿ ಶೇ 100ರಷ್ಟನ್ನೂ ತೋರಿಸುತ್ತದೆ.

ಆಪ್ಟಿಕಲ್ ಕಿಂಡಿಯಲ್ಲಿ ನೋಡುವಾಗ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದಿರುತ್ತದೆ. ಎಫ್/11 ಇಟ್ಟು ತೆಗೆದಾಗ ಹಿನ್ನೆಲೆ ಎಷ್ಟು ನಿಚ್ಚಳವಾಗಿ ಬರುತ್ತದೆ ಎಂಬುದು ಅಲ್ಲಿ ತಿಳಿಯದು. ಚಿತ್ರ ಸೆರೆಯಾಗುವ ಕ್ಷಣದಲ್ಲಿ ಕನ್ನಡಿ ಮೇಲಕ್ಕೇಳುವುದರಿಂದ ಕಿಂಡಿ ಕತ್ತಲಾಗುತ್ತದೆ. ಫೋಕಸಿಂಗ್ ಸ್ಕ್ರೀನ್ ಮೇಲಿನ ದೂಳು ಕಣ್ಣಿಗೆ ಕಂಡರೂ ಚಿತ್ರಕ್ಕೆ ಬರುವುದಿಲ್ಲ.

ಎರಡು ಎಚ್ಚರಿಕೆ

ಟ್ರೈಪಾಡ್ ಮೇಲೆ ಡಿಎಸ್‌ಎಲ್‌ಆರ್ ಇಟ್ಟು ದೂರ ನಿಂತು ತೆಗೆಯುವಾಗ ತೆರೆದ ಕಿಂಡಿಯಿಂದ ಬೆಳಕು ನುಗ್ಗಿ ಮಾಪಕದ ಲೆಕ್ಕ ತಪ್ಪಿಸಬಲ್ಲದು. ಆಗ ಕಿಂಡಿಯನ್ನು ಮುಚ್ಚಬೇಕು. ಇನ್ನೊಂದು, ಆಪ್ಟಿಕಲ್ ಕಿಂಡಿಯಲ್ಲಿ ಸೂರ್ಯನನ್ನು ನೋಡಲೇಬಾರದು, ಜೂಮ್ ಲೆನ್ಸ್ ಇದ್ದಾಗಲಂತೂ ಕಣ್ಣಿಗೇ ಅಪಾಯ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಡ ಕಂಕಣ ಗ್ರಹಣದಂಥ ಹೊತ್ತಿನಲ್ಲೂ ಸೌರ ಫಿಲ್ಟರ್ ಇರಬೇಕಾದದ್ದು ಲೆನ್ಸಿನ ಮುಂದೆ. ಕಣ್ಣಿಗೂ ಕಿಂಡಿಗೂ ನಡುವೆ ಅಲ್ಲ.

ಎಲ್ಲ ಕ್ಯಾಮೆರಾಗಳಲ್ಲೂ ಈ ಕಿಂಡಿ ಇರುವುದಿಲ್ಲ. ವಿಡಿಯೊ ಮಾಡುವವರನ್ನು ಗಮನದಲ್ಲಿಟ್ಟು ರೂಪಿಸಿದ ಸೋನಿ ಝಡ್‌ವಿ-ಇ10, ನಿಕಾನ್ ಝಡ್30 ಮಾದರಿಗಳಲ್ಲಿ ವ್ಯೂಫೈಂಡರ್ ಇಲ್ಲ, ಆಮೇಲೆ ಜೋಡಿಸಿಕೊಳ್ಳಲೂ ಬರುವುದಿಲ್ಲ. ಬಿಸಿಲಿನಲ್ಲಿ ಸ್ಥಿರಚಿತ್ರ ತೆಗೆಯುವ ಆಸೆಯಿರುವವರು ಕೊಳ್ಳುವ ಮುನ್ನ ಅಂಗಡಿಯಲ್ಲೇ ಕಿಂಡಿಗೆ ಕಣ್ಣು ಹಚ್ಚಿ ನೋಡಿಕೊಳ್ಳುವುದು ಒಳಿತು.