ಸೈಕಲ್ ಸವಾರಿ: ಮಂಡಿ ನೋಯುತ್ತಿದ್ದರೆ ಮೊದಲು ಸೀಟು ನೋಡಿ

"ಡಾಕ್ಟ್ರೇ, ಶುಗರ್ ಕಡಿಮೆಯಾಗಲಿ ಅಂತ ಸೈಕಲ್ ತಗೊಂಡೆ. ಈಗ ಮಂಡಿನೇ ಹೋಯ್ತು." ಈ ಮಾತನ್ನು ನಾನು ಆಗಾಗ ಕೇಳುತ್ತೇನೆ. ಹೇಳುವವರು ಹೆಚ್ಚಾಗಿ ನಲವತ್ತು ದಾಟಿದವರು, ಶಾಲೆ ಬಿಟ್ಟ ಮೇಲೆ ಸೈಕಲ್ ಮುಟ್ಟದವರು. ಗೇರ್ ಸೈಕಲ್ ಕೊಂಡ ಮೊದಲ ಭಾನುವಾರವೇ ಗೆಳೆಯರೊಂದಿಗೆ ನಂದಿ ಬೆಟ್ಟ ಹತ್ತಲು ಹೊರಡುತ್ತಾರೆ. ಮೂರನೇ ವಾರಕ್ಕೆ ಸೈಕಲ್ ಮೆಟ್ಟಿಲ ಕೆಳಗೆ ಸೇರುತ್ತದೆ.

ವಾಸ್ತವದಲ್ಲಿ ಸೈಕಲ್ ಮಂಡಿಗೆ ಹಿತವಾದ ವ್ಯಾಯಾಮ. ಓಡುವಾಗ ಪ್ರತಿ ಹೆಜ್ಜೆಗೂ ಮೈಭಾರ ಮಂಡಿಯ ಮೇಲೆ ಬೀಳುತ್ತದೆ. ಸೈಕಲಿನಲ್ಲಿ ಆ ಭಾರದ ಬಹುಪಾಲನ್ನು ಸೀಟು ಹೊರುತ್ತದೆ. ಆದ್ದರಿಂದ ಔಷಧಿ ಕೇಳುವ ಮುನ್ನ ಸೀಟನ್ನು ಸರಿಪಡಿಸಿ.

ಸೀಟಿನ ಎತ್ತರ

ಗೋಡೆ ಹಿಡಿದು ಸೈಕಲಿನ ಮೇಲೆ ಕುಳಿತುಕೊಳ್ಳಿ. ಒಂದು ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಆಗ ಕಾಲು ನೇರವಾಗಿರಬೇಕು. ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸುವೇ ಬಾಗಿದರೆ ಎತ್ತರ ಸರಿಯಿದೆ ಎಂದರ್ಥ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರುವ ಸಾಧ್ಯತೆ ಹೆಚ್ಚು. ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿರಬಹುದು. ಭಾರದ ಗೇರಿನಲ್ಲಿ ಹಲ್ಲುಕಚ್ಚಿ ತುಳಿಯಬೇಡಿ. ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯಿರಿ.

ಗಂಡಸರು ಹೇಳಲು ನಾಚುವ ಇನ್ನೊಂದು ತೊಂದರೆಯಿದೆ: ತೊಡೆಸಂದಿಯಲ್ಲಿ ಜೋಮು ಹಿಡಿಯುವುದು. ಬಹಳ ಹೊತ್ತು ಕುಳಿತಾಗ ಅಲ್ಲಿನ ನರ ಮತ್ತು ರಕ್ತನಾಳಗಳ ಮೇಲೆ ಒತ್ತಡ ಬೀಳುವುದೇ ಇದಕ್ಕೆ ಕಾರಣ. ಸೀಟಿನ ಮೂತಿ ಮೇಲಕ್ಕೆ ಎದ್ದಿರಬಾರದು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ನಿಂತು ತುಳಿಯಿರಿ. ಇಷ್ಟಾದರೂ ಜೋಮು ಮತ್ತೆ ಮತ್ತೆ ಬಂದರೆ ಸವಾರಿ ನಿಲ್ಲಿಸಿ, ವೈದ್ಯರಲ್ಲಿ ಸಂಕೋಚವಿಲ್ಲದೆ ಹೇಳಿ.

ಎಷ್ಟು ತುಳಿಯಬೇಕು?

ಯುನಾನಿಯಲ್ಲಿ ಆರೋಗ್ಯದ ಆರು ಅಗತ್ಯ ಕಾರಣಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿ ಒಂದು. ಎರಡನ್ನೂ ಜೋಡಿಯಾಗಿಯೇ ಹೇಳಲಾಗಿದೆ ಎಂಬುದನ್ನು ಗಮನಿಸಿ. ಉಸಿರು ಆಳವಾಗಿ, ವೇಗವಾಗಿ ಬರುವಂತೆ ಮಾಡುವ ಚಲನೆಯೇ ರಿಯಾಝತ್, ಅಂದರೆ ವ್ಯಾಯಾಮ. ಆದರೆ ಪಕ್ಕದವರೊಂದಿಗೆ ಮಾತನಾಡುವಷ್ಟು ಉಸಿರು ಉಳಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವ್ಯಾಯಾಮ ಹೇಳಿದೆ. ದಿನಕ್ಕೆ 30 ನಿಮಿಷದಂತೆ ಐದು ದಿನ ತುಳಿದರೆ ಸಾಕು. ವಾರವಿಡೀ ಕುಳಿತು ಭಾನುವಾರ ಒಂದೇ ಸಲ 60 ಕಿ.ಮೀ. ತುಳಿಯುವುದು ಬೇಡ. ಹೊರಡುವ ಮುನ್ನ ಮತ್ತು ಬಂದ ಮೇಲೆ ತೊಡೆ, ಮೀನಖಂಡಗಳನ್ನು ಮೃದುವಾಗಿ ತಿಕ್ಕಿಕೊಳ್ಳಿ. ವ್ಯಾಯಾಮದ ಮೊದಲೂ ನಂತರವೂ ಮಾಡುವ ಈ 'ದಲ್ಕ್' ನಮ್ಮ ಹಳೆಯ ಪದ್ಧತಿ.

ಹೊಟ್ಟೆ ತುಂಬ ತಿಂದು ಹೊರಡಬೇಡಿ. ಸವಾರಿ ಒಂದು ಗಂಟೆ ಮೀರಿದರೆ ಉಪ್ಪು, ಸಕ್ಕರೆ ಹಾಕಿದ ಲಿಂಬೆ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ರಕ್ತದೊತ್ತಡ, ಮಧುಮೇಹ ಇರುವವರು ಇದರ ಬಗ್ಗೆ ಮೊದಲೇ ತಮ್ಮ ವೈದ್ಯರನ್ನು ಕೇಳಲಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ಸ್ವಲ್ಪ ಸಕ್ಕರೆ ಅಥವಾ ಗ್ಲೂಕೋಸ್ ಇರಲೇಬೇಕು. ಕೈ ನಡುಗಿ ಬೆವರು ಬಂದರೆ ಕೂಡಲೇ ಇಳಿದು ಅದನ್ನು ತಿನ್ನಿ.

ಬೆಟ್ಟ, ಕಾಡುದಾರಿ, ಚಳಿ

ನಂದಿ ಬೆಟ್ಟದ ಎತ್ತರ 1478 ಮೀಟರ್. ಡಿಸೆಂಬರಿನ ಮುಂಜಾನೆ ಹತ್ತುವಾಗ ಮೈ ಬೆವರುತ್ತದೆ. ಇಳಿಯುವಾಗ ಅದೇ ಒದ್ದೆ ಅಂಗಿಗೆ ಗಾಳಿ ಹೊಡೆದು ಬೆರಳು ಮರಗಟ್ಟುತ್ತದೆ. ಮರಗಟ್ಟಿದ ಬೆರಳಿಗೆ ಬ್ರೇಕ್ ಹಿಡಿಯಲು ಬಾರದು. ಕೈಗವಸು ಒಯ್ಯಿರಿ. ಇಳಿಯುವ ಮುನ್ನ ಒಣ ಅಂಗಿ ಹಾಕಿಕೊಳ್ಳಿ. ಇಲ್ಲದಿದ್ದರೆ ಎದೆಗೆ ದಿನಪತ್ರಿಕೆ ಇಟ್ಟು ಗುಂಡಿ ಹಾಕಿ. ಸೈಕಲ್ ಸವಾರರ ಈ ಹಳೆಯ ಉಪಾಯ ಈಗಲೂ ಕೆಲಸಕ್ಕೆ ಬರುತ್ತದೆ. ಉಬ್ಬಸ ಇರುವವರಿಗೆ ತಣ್ಣನೆಯ ಒಣ ಗಾಳಿ ಆಗುವುದಿಲ್ಲ. ಮೂಗು, ಬಾಯಿಗೆ ಮಫ್ಲರ್ ಸುತ್ತಿ, ಇನ್ಹೇಲರ್ ಜೊತೆಗಿಟ್ಟುಕೊಳ್ಳಿ.

ಇಳಿಜಾರಿನಲ್ಲಿ ಎರಡೂ ಬ್ರೇಕನ್ನು ಮೆಲ್ಲಗೆ ಒತ್ತಿ. ಮುಂದಿನದನ್ನು ಮಾತ್ರ ಥಟ್ಟನೆ ಹಿಡಿದರೆ ತಲೆಕೆಳಗಾಗಿ ಬೀಳುತ್ತೀರಿ. ಕಲ್ಲುದಾರಿಗೆ ಅಗಲ ಟಯರಿನ ಸೈಕಲ್ ಬೇಕು. ಅಲ್ಲಿ ಪೆಡಲಿನ ಮೇಲೆ ತುಸು ಎದ್ದು, ಮೊಣಕೈ ಮತ್ತು ಮಂಡಿಯನ್ನು ಸಡಿಲ ಬಿಡಿ. ಹೆಲ್ಮೆಟ್ ಮಕ್ಕಳಿಗೂ ಬೇಕು, ತಂದೆಗೂ ಬೇಕು. ಹೆಣ್ಣುಮಕ್ಕಳಿಗೂ ಈ ವ್ಯಾಯಾಮ ಅಷ್ಟೇ ಒಳ್ಳೆಯದು. ದುಪಟ್ಟಾದ ತುದಿ, ಸಲ್ವಾರಿನ ಅಂಚು ಚೈನಿಗೆ, ಚಕ್ರಕ್ಕೆ ಸಿಗದಂತೆ ಕಟ್ಟಿಕೊಳ್ಳಲಿ.

ಮನೆಗೆ ಬಂದ ಮೇಲೆ

ಬೆವರಿದ ಬಟ್ಟೆಯಲ್ಲೇ ತಿಂಡಿಗೆ ಕೂರಬೇಡಿ. ಸ್ನಾನ ಮಾಡಿ, ತೊಡೆಸಂದಿಯನ್ನು ಚೆನ್ನಾಗಿ ಒರೆಸಿ, ಒಣ ಹತ್ತಿಯ ಒಳಉಡುಪು ಧರಿಸಿ. ಸವಾರಿಯ ಬಟ್ಟೆಯನ್ನು ಪ್ರತಿ ಸಲವೂ ಒಗೆದು ಬಿಸಿಲಿಗೆ ಹಾಕಿ. ಅಲ್ಲಿ ಉಂಗುರದಂತೆ ತುರಿಗಜ್ಜಿ ಎದ್ದರೆ ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ಬೆರೆತ ಮುಲಾಮು ತಂದು ಹಚ್ಚಬೇಡಿ. ಮೊದಲು ತುರಿಕೆ ನಿಂತಂತೆ ಕಾಣುತ್ತದೆ, ಆಮೇಲೆ ಹರಡುತ್ತದೆ.

ಕೊನೆಯ ಮಾತು. ತುಳಿಯುವಾಗ ಎದೆ ಬಿಗಿದರೆ, ನೋವು ದವಡೆಗೋ ತೋಳಿಗೋ ಹರಿದರೆ, ತಲೆ ಸುತ್ತಿದರೆ ಅಲ್ಲೇ ಇಳಿದು ಕುಳಿತು 108ಕ್ಕೆ ಕರೆ ಮಾಡಿ. "ಗ್ಯಾಸ್ ಇರಬೇಕು" ಎಂದು ಚೂರ್ಣ ನುಂಗಿ ಕಾಯಬೇಡಿ. ಯುನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ: ಆ ಹೊತ್ತಿನಲ್ಲಿ ಮನೆಮದ್ದಿಲ್ಲ, ಆಸ್ಪತ್ರೆಯೇ ದಾರಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಮುಂದಿನ ವಾರ ಹತ್ತಬಹುದು.