ಬಿಳಿಯ ಪುಡಿಯ ಮೈವಿಸ್ತಾರ

ಕೋಲಾರ ಜಿಲ್ಲೆಯಲ್ಲಿ ನೀರಿಗೆ ಬರವುಂಟು, ಬಿಸಿಲಿಗಿಲ್ಲ. ಯಳೇಸಂದ್ರದಲ್ಲಿ 2009ರಲ್ಲಿ ಕರ್ನಾಟಕ ವಿದ್ಯುತ್ ನಿಗಮವು 3 ಮೆಗಾವಾಟ್ ಸಾಮರ್ಥ್ಯದ ಸೌರಸ್ಥಾವರವನ್ನು ನಿಲ್ಲಿಸಿದುದು ಈ ಬಿಸಿಲನ್ನು ನಂಬಿಯೇ. ಅಲ್ಲಿಯ ಫಲಕಗಳು ಸಿಲಿಕಾನಿನವು. ಸಿಲಿಕಾನನ್ನು ಶುದ್ಧಿಗೊಳಿಸುವುದಕ್ಕೆ ಮಹತ್ತಾದ ತಾಪವೂ ವೆಚ್ಚವೂ ಬೇಕಾಗುವುದರಿಂದ, ಗೋಡೆಯ ಬಣ್ಣಕ್ಕೆ ಬಿಳುಪನ್ನು ಕೊಡುವ ಅಗ್ಗದ ಟೈಟಾನಿಯಂ ಡೈಆಕ್ಸೈಡಿನಿಂದ ಈ ಕಾರ್ಯವನ್ನು ಸಾಧಿಸಬಹುದೇ ಎಂಬ ಜಿಜ್ಞಾಸೆ ವಿಜ್ಞಾನಿಗಳಲ್ಲಿ ಹುಟ್ಟಿತು.

ಆದರೆ ಆ ಬಿಳುಪೇ ಅಡ್ಡಿ. ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ಹೊರಕ್ಕೆ ಚೆದುರಿಸುವ ಈ ಪುಡಿಯು, ಬಿಸಿಲಿನಲ್ಲಿ ನೂರಕ್ಕೆ ಐದರಷ್ಟಿರುವ ಅತಿನೇರಳೆ ಕಿರಣಗಳನ್ನು ಮಾತ್ರ ಹೀರಬಲ್ಲುದು. 1991ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಬ್ರಯನ್ ಒರೀಗನ್ ಮತ್ತು ಮೈಕೇಲ್ ಗ್ರೆಟ್ಸೆಲ್ ಎಂಬವರು ಬೆಳಕನ್ನು ಹಿಡಿಯುವ ಕೆಲಸವನ್ನು ರುಥೇನಿಯಂ ಬೆರೆತ ಬಣ್ಣವೊಂದಕ್ಕೆ ವಹಿಸಿ, ಅದರಿಂದ ಚಿಮ್ಮಿದ ಎಲೆಕ್ಟ್ರಾನುಗಳನ್ನು ಸಾಗಿಸುವುದನ್ನಷ್ಟೇ ಈ ಪುಡಿಗೆ ಉಳಿಸಿದರು. ಪುಡಿಯನ್ನು ಸೋಕಿದ ಬಣ್ಣದ ಅಣು ಮಾತ್ರ ಎಲೆಕ್ಟ್ರಾನನ್ನು ದಾಟಿಸಬಲ್ಲುದಾದುದರಿಂದ ಬಣ್ಣವನ್ನು ದಪ್ಪವಾಗಿ ಬಳಿದು ಪ್ರಯೋಜನವಿಲ್ಲ, ಮೈಯನ್ನೇ ಹಿಗ್ಗಿಸಬೇಕು. ಸುಮಾರು 15 ನ್ಯಾನೊಮೀಟರಿನ ಕಣಗಳನ್ನು 10 ಮೈಕ್ರೊಮೀಟರ್ ದಪ್ಪಕ್ಕೆ ಹರಡಿ ಬೇಯಿಸಿದಾಗ, ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಅಡಗಿದ ಮೈ 780 ಚದರ ಸೆಂಟಿಮೀಟರಿನಷ್ಟಾಯಿತು. ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ಏಳು ಪಾಲು ವಿದ್ಯುತ್ತಾಯಿತು. ಈ ಕೋಶದೊಳಗೆ ಬಣ್ಣಕ್ಕೆ ಎಲೆಕ್ಟ್ರಾನುಗಳನ್ನು ಮರಳಿಸುವ ಅಯೋಡಿನ್ ದ್ರಾವಣವು ತಾಪಕ್ಕೆ ಆರಿಹೋಗುವ ಭಯವಿರುವುದರಿಂದ, ವೈಶಾಖದ ಕೋಲಾರದ ಬಯಲಿನಲ್ಲಿ ಇದು ಸಿಲಿಕಾನಿನ ಸ್ಥಾನವನ್ನು ಬೇಗನೆ ಪಡೆದೀತೆಂದು ನನಗೆ ತೋರದು.

ನಮ್ಮ ಸೀಮೆಗೆ ಹೆಚ್ಚು ಹತ್ತಿರವಾದುದು ಈ ಪುಡಿಯ ಇನ್ನೊಂದು ಗುಣ. ಕಾಯಿಸಿದ ಕಣದ ಮೈಮೇಲೆ ಗಾಳಿಯ ಆಮ್ಲಜನಕವು ಕುಳಿತು ಎಲೆಕ್ಟ್ರಾನುಗಳನ್ನು ಕಸಿದುಕೊಳ್ಳುತ್ತದೆ, ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ಮಾಲೂರಿನ ಇಟ್ಟಿಗೆ ಗೂಡುಗಳಂಥಲ್ಲಿ ಅರೆಬೆಂದ ಸೌದೆಯಿಂದ ಹೊಮ್ಮುವ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡು ಅಲ್ಲಿಗೆ ಬಂದೊಡನೆ ಆ ಆಮ್ಲಜನಕವನ್ನು ತನ್ನೊಡನೆ ಕೂಡಿಸಿಕೊಂಡು ಹೋಗುವುದರಿಂದ, ಎಲೆಕ್ಟ್ರಾನುಗಳು ಕಣಕ್ಕೆ ಮರಳಿ ತಡೆ ತಗ್ಗುತ್ತದೆ. ವಿಷವು ಮೀಟರಿನ ಮುಳ್ಳಿನಲ್ಲಿ ಕಾಣಿಸಿಕೊಳ್ಳುತ್ತದೆ.

ಶ್ರೀನಿವಾಸಪುರದಲ್ಲಿ ಹುಲ್ಲಿನೊಳಗೆ ಅಡೆ ಹಾಕಿದ ಮಾವಿನಲ್ಲಿ ಮೊದಲು ಹಣ್ಣಾದುದೊಂದು ನೆರೆಯ ಕಾಯಿಗಳನ್ನೂ ಹಣ್ಣು ಮಾಡುವುದು ಎಥಿಲೀನ್ ಅನಿಲದ ಮೂಲಕ. ಅತಿನೇರಳೆ ಬೆಳಕು ಬಿದ್ದ ಇದೇ ಪುಡಿಯು ಎಥಿಲೀನನ್ನು ನೀರಾಗಿಯೂ ಇಂಗಾಲದ ಡೈಆಕ್ಸೈಡಾಗಿಯೂ ಒಡೆಯುವುದರಿಂದ, ದಾಸ್ತಾನಿನ ಕೋಣೆಯಲ್ಲಿ ಹಣ್ಣಾಗುವುದನ್ನು ತಡಮಾಡಬಹುದು. ಆದರೆ ಮಂಡಿಯ ಗಾಳಿಯಲ್ಲಿ ಕಾಯಿಸಿದ ಪುಡಿಯ ತಡೆಯಿಂದ ಎಥಿಲೀನನ್ನು ಅಳೆಯಹೊರಟರೆ, ಕೊಳೆತ ಟೊಮೆಟೊವಿನ ಮದ್ಯಸಾರದ ಆವಿಯೂ ಲಾರಿಯ ಹೊಗೆಯೂ ಅದೇ ತಡೆಯನ್ನು ತಗ್ಗಿಸುತ್ತವೆ. ಕಣದ ಮೇಲೆ ಪೆಲ್ಲಾಡಿಯಮ್ಮಿನಂಥ ಲೋಹವನ್ನು ಲೇಪಿಸಿ, ಬೇರೆ ಬೇರೆ ತಾಪಕ್ಕೆ ಕಾಯಿಸಿ, ಒಂದರಿಂದೊಂದನ್ನು ಬೇರ್ಪಡಿಸಲು ಪ್ರಯೋಗಗಳು ನಡೆಯುತ್ತಿವೆ.